ಎಣ್ಣೆ ಹಾಕಿದ ಮರುದಿನ ಶುಗರ್ ಕಡಿಮೆ ಬಂದರೆ ಖುಷಿಪಡಬೇಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 48 ವರ್ಷ, ಮಂಡ್ಯ ಕಡೆಯವನು. ಜಮೀನಿನ ಜೊತೆಗೆ ಒಂದು ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತೇನೆ. ಆರು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್ ಸೇರಿದ ಮಾತ್ರೆಯನ್ನು ಬೆಳಗ್ಗೆ, ರಾತ್ರಿ ತಗೋತೀನಿ. ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ ಟೆಸ್ಟ್) 7.8 ಇದೆ. ವಾರಕ್ಕೆ ಎರಡು ದಿನ ಅಂಗಡಿ ಮುಚ್ಚಿದ ಮೇಲೆ ಸ್ನೇಹಿತರ ಜೊತೆ ಒಂದು ಕ್ವಾರ್ಟರ್ ವಿಸ್ಕಿ ಹಾಕ್ತೀನಿ. ದಿನಾ ಬೆಳಗ್ಗೆ 140, 150 ಇರುವ ಶುಗರ್ ಎಣ್ಣೆ ಹಾಕಿದ ಮರುದಿನ 85, 90 ಬರುತ್ತೆ. ವಿಸ್ಕಿಯಲ್ಲಿ ಸಕ್ಕರೆ ಇಲ್ಲ, ಶುಗರ್‌ಗೆ ಒಳ್ಳೇದೇ ಅಂತ ಸ್ನೇಹಿತರು ಹೇಳ್ತಾರೆ. ಕಳೆದ ತಿಂಗಳು ಒಂದು ದಿನ ಊಟ ಮಾಡದೆ ಮಲಗಿದ್ದೆ. ಬೆಳಗಿನ ಜಾವ ಮೈಯೆಲ್ಲ ಬೆವೆತು, ಕೈ ನಡುಗಿ, ಏನೇನೋ ಮಾತಾಡಿದೆನಂತೆ. ಕುಡಿದದ್ದು ಜಾಸ್ತಿಯಾಗಿದೆ ಅಂತ ಮನೆಯವರು ಬೈದು ಸಕ್ಕರೆ ಹಾಕಿದ ಕಾಫಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಸರಿಹೋಯ್ತು. ನಮ್ಮ ಡಾಕ್ಟರ್ ಹತ್ತಿರ ಕುಡೀತೀನಿ ಅಂತ ಹೇಳಿಲ್ಲ. ಪೂರ್ತಿ ಬಿಡಲೇಬೇಕಾ? ಮುಂದಿನ ತಿಂಗಳು ಮಗಳ ಮದುವೆ, ಬೀಗರೂಟ ಬೇರೆ ಇದೆ. ಎಷ್ಟು ಕುಡಿದರೆ ತೊಂದರೆ ಇಲ್ಲ?

ಉತ್ತರ: ಬೆಳಗ್ಗೆ 85 ಬಂತು ಅನ್ನುವ ಖುಷಿಯನ್ನು ಮೊದಲು ಬರೆದಿದ್ದೀರಿ. ಬೆವೆತು ನಡುಗಿದ್ದನ್ನು ಆಮೇಲೆ, ಅದು ಬೇರೆ ಯಾವುದೋ ತೊಂದರೆ ಅನ್ನುವ ಹಾಗೆ ಬರೆದಿದ್ದೀರಿ. ನನ್ನ ಪ್ರಕಾರ ಎರಡಕ್ಕೂ ಕಾರಣ ಒಂದೇ. ಆ ಬೆಳಗಿನ ಜಾವ ನಿಮಗೆ ಆಗಿದ್ದು ಬಹುತೇಕ ಲೋ ಶುಗರ್. ಗ್ಲಿಮಿಪಿರೈಡ್ ಮಾತ್ರೆ, ಒಂದು ಕ್ವಾರ್ಟರ್ ವಿಸ್ಕಿ, ಖಾಲಿ ಹೊಟ್ಟೆ, ಮೂರೂ ಆ ರಾತ್ರಿ ಒಟ್ಟಿಗೆ ಸೇರಿದ್ದವು. ಸಿಹಿ ಕಾಫಿ ಕುಡಿದ ಮೇಲೆ ಸರಿಹೋಗಿದ್ದೂ ಅದನ್ನೇ ಹೇಳುತ್ತದೆ. ನಿಮ್ಮ ಮನೆಯವರು ಬೈದುಕೊಂಡೇ ಕೊಟ್ಟ ಆ ಕಾಫಿ ನಿಮ್ಮನ್ನು ಉಳಿಸಿದೆ. ಸಕ್ಕರೆ ಇಲ್ಲದ ಕಾಫಿ ಕೊಟ್ಟಿದ್ದರೆ, ಅಥವಾ ಮಲಗಿ ಅಂತ ಹೇಳಿ ಅವರೂ ಮಲಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ನನಗೆ ಭಯವಾಗುತ್ತದೆ. ಇನ್ನೊಂದು ಮಾತು. ಶುಗರ್ ಇರುವವರಲ್ಲಿ ಹೃದಯದ ತೊಂದರೆ ಕೆಲವೊಮ್ಮೆ ಎದೆನೋವೇ ಇಲ್ಲದೆ ಬರೀ ಬೆವರು, ಸುಸ್ತಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಈ ವಾರ ಒಂದು ಇಸಿಜಿ ಮಾಡಿಸಿಬಿಡಿ.

ಈಗ ಆ 85ರ ವಿಷಯ. ನಾವು ಊಟ ಮಾಡದ ಹೊತ್ತಿನಲ್ಲಿ, ಅದರಲ್ಲೂ ರಾತ್ರಿ ಮಲಗಿದಾಗ, ರಕ್ತಕ್ಕೆ ಸಕ್ಕರೆ ಒದಗಿಸುವುದು ಲಿವರ್. ಗಂಟೆಗೆ ಸುಮಾರು 8ರಿಂದ 10 ಗ್ರಾಂನಷ್ಟು ಗ್ಲುಕೋಸ್ ಅಲ್ಲಿಂದ ಬರುತ್ತಾ ಇರುತ್ತದೆ. ಮಿದುಳು ಬದುಕುವುದು ಅದರ ಮೇಲೆ. ಲಿವರ್ ಎರಡು ರೀತಿಯಲ್ಲಿ ಇದನ್ನು ಮಾಡುತ್ತದೆ. ಮೊದಲನೆಯದು, ಊಟದ ಹೊತ್ತಿನಲ್ಲಿ ಕೂಡಿಟ್ಟುಕೊಂಡ ಸಕ್ಕರೆಯನ್ನು ಬಿಡುವುದು. ಇದು ನಮ್ಮ ಹಳ್ಳಿಮನೆಗಳ ಕಣಜ ಇದ್ದ ಹಾಗೆ, ತುಂಬಿದ್ದರೆ ಮಾತ್ರ ತೆಗೆಯಬಹುದು. ಎರಡನೆಯದು, ಬೇರೆ ಪದಾರ್ಥಗಳಿಂದ ಹೊಸದಾಗಿ ಗ್ಲುಕೋಸ್ ತಯಾರಿಸುವುದು. ಹೊಟ್ಟೆಗೆ ಮದ್ಯ ಬಿದ್ದ ಕೂಡಲೇ ಲಿವರ್ ಅದನ್ನು ಒಡೆಯುವ ಕೆಲಸಕ್ಕೆ ಇಳಿಯುತ್ತದೆ. ಆ ಕೆಲಸ ನಡೆಯುವಾಗ ಲಿವರ್‌ನ ಒಳಗಿನ ರಾಸಾಯನಿಕ ಸಮತೋಲನ ಬದಲಾಗಿ, ಹೊಸ ಗ್ಲುಕೋಸ್ ತಯಾರಿಸುವ ದಾರಿ ಮುಚ್ಚಿಕೊಳ್ಳುತ್ತದೆ. ಊಟ ಮಾಡಿದ್ದರೆ ಕೂಡಿಟ್ಟದ್ದು ಇರುತ್ತದೆ, ಹೇಗೋ ನಡೆಯುತ್ತದೆ. ಮಧ್ಯಾಹ್ನ ಒಂದೂವರೆಗೆ ಊಟ ಮಾಡಿ, ರಾತ್ರಿ ಖಾಲಿ ಹೊಟ್ಟೆಯಲ್ಲಿ ಕುಡಿದು, ಹಾಗೇ ಮಲಗಿದರೆ ಎರಡೂ ಕಡೆಯಿಂದ ಸಕ್ಕರೆ ಇಲ್ಲ.

ನಿಮ್ಮ ಮಾತ್ರೆ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಗ್ಲಿಮಿಪಿರೈಡ್ ಹೊಟ್ಟೆಯೊಳಗಿನ ಪ್ಯಾಂಕ್ರಿಯಾಸ್ ಗ್ರಂಥಿಯಿಂದ, ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುವ ಔಷಧಿ. ನೀವು ಊಟ ಮಾಡಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಇಡೀ ದಿನ ಇನ್ಸುಲಿನ್ ಬಿಡಿಸುತ್ತದೆ. ಹಾಗಾಗಿ ಆ 85 ನಿಮ್ಮ ಕಾಯಿಲೆ ಹತೋಟಿಗೆ ಬಂದ ಗುರುತು ಅಂದುಕೊಳ್ಳಬೇಡಿ. ಲಿವರ್ ಕೈಕಟ್ಟಿ ಕೂತಿದ್ದಾಗ ಬಂದ ಸಂಖ್ಯೆ ಅದು. ನೀವು ಬೆಳಗ್ಗೆ ಏಳಕ್ಕೆ ನೋಡಿದ್ದು 85. ಮೂರು ಗಂಟೆಗೆ ಎಷ್ಟಿತ್ತು ಅಂತ ಯಾರೂ ನೋಡಿಲ್ಲ, ಅಲ್ವಾ? ಶುಗರ್ ತೀರಾ ಇಳಿದಾಗ ದೇಹವೇ ಅಡ್ರಿನಲಿನ್‌ನಂಥ ಹಾರ್ಮೋನುಗಳನ್ನು ಬಿಟ್ಟು ಅದನ್ನು ಮೇಲೆತ್ತಲು ನೋಡುತ್ತದೆ. ಬೆವರು, ನಡುಕ ಬರುವುದು ಅದರಿಂದಲೇ.

ನಿಮ್ಮ ಮೂರು ತಿಂಗಳ ಸರಾಸರಿಯನ್ನೇ ನೋಡಿ. 7.8 ಅಂದರೆ ರಕ್ತದ ಸಕ್ಕರೆ ಸರಾಸರಿ 177ರ ಆಸುಪಾಸಿನಲ್ಲಿದೆ ಅಂತ ಅರ್ಥ. ವಿಸ್ಕಿ ಶುಗರ್ ಇಳಿಸುವ ಮದ್ದಾಗಿದ್ದರೆ ಈ ಸಂಖ್ಯೆ ಹೀಗೆ ಇರುತ್ತಿರಲಿಲ್ಲ. ವಾರಕ್ಕೆ ಎರಡು ಬೆಳಗ್ಗೆ ಇಳಿದದ್ದು, ಮಿಕ್ಕ ಹೊತ್ತಿನಲ್ಲಿ, ಅದರಲ್ಲೂ ಕುಡಿತದ ಜೊತೆಗೆ ತಿಂದ ಕಬಾಬ್, ಗೋಬಿ, ಬಿರಿಯಾನಿಯಿಂದ ಏರಿದ್ದರಲ್ಲಿ ಕೊಚ್ಚಿಹೋಗುತ್ತದೆ.

ಈ ಇಳಿತ ಎಷ್ಟು ಹೊತ್ತು ಕಾಡಬಹುದು ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಲಿವರ್ ಗಂಟೆಗೆ ಹೆಚ್ಚೂಕಡಿಮೆ 7ರಿಂದ 10 ಗ್ರಾಂ ಆಲ್ಕೋಹಾಲ್ ಮಾತ್ರ ಕರಗಿಸಬಲ್ಲದು. ಕಾಫಿ, ಮಜ್ಜಿಗೆ, ನಿಂಬೆರಸ, ತಲೆಗೆ ತಣ್ಣೀರು, ಯಾವುದರಿಂದಲೂ ಈ ವೇಗ ಜಾಸ್ತಿಯಾಗುವುದಿಲ್ಲ. ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇದೆ. ರಾತ್ರಿ ಹತ್ತಕ್ಕೆ ಮುಗಿಸಿದರೂ ಬೆಳಗಿನ ಜಾವದ ತನಕ ಲಿವರ್ ಅದರಲ್ಲೇ ಮುಳುಗಿರುತ್ತದೆ. ಅದಾದ ಮೇಲೂ ಕೂಡಿಟ್ಟ ಸಕ್ಕರೆ ಮತ್ತೆ ತುಂಬಬೇಕು. ಆದ್ದರಿಂದ ಲೋ ಶುಗರ್ ಭಯ ಮರುದಿನ ಸಂಜೆಯವರೆಗೂ, ಅಂದರೆ 24 ಗಂಟೆಯವರೆಗೂ ಇರುತ್ತದೆ. 2001ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಟೈಪ್ 1 ಡಯಾಬಿಟಿಸ್ (ದೇಹದಲ್ಲಿ ಇನ್ಸುಲಿನ್ ತಯಾರಾಗದೆ, ಇಂಜೆಕ್ಷನ್ ಮೇಲೇ ಬದುಕಬೇಕಾದ ಶುಗರ್) ಇರುವ ಆರು ಗಂಡಸರಿಗೆ ರಾತ್ರಿ 9ರ ಹೊತ್ತಿಗೆ ವೈನ್ ಕೊಟ್ಟು ನೋಡಿದ್ದರು. ರಾತ್ರಿ ಏನೂ ಆಗಲಿಲ್ಲ. ಮರುದಿನ ಬೆಳಗ್ಗೆ ತಿಂಡಿ ತಿಂದ ಮೇಲೆ, 10 ಗಂಟೆಯ ನಂತರ, ಆರರಲ್ಲಿ ಐದು ಜನಕ್ಕೆ ಚಿಕಿತ್ಸೆ ಬೇಕಾಗುವಷ್ಟು ಲೋ ಆಯಿತು. ವೈನ್ ಕುಡಿಯದ ದಿನ ಒಬ್ಬರಿಗೂ ಆಗಲಿಲ್ಲ. ನಿಮ್ಮದು ಟೈಪ್ 2, ಲೆಕ್ಕ ಪೂರ್ತಿ ಒಂದೇ ಅಲ್ಲ. ಆದರೆ ನೀವು ರಾತ್ರಿ ಕುಡಿದು, ಬೆಳಗ್ಗೆ ಬರೀ ಕಾಫಿಯಲ್ಲಿ ಗದ್ದೆಗೆ ಹೋಗಿ ಕೆಲಸ ಮಾಡುವವರಾದರೆ ಈ ಮಾತು ನಿಮಗೂ ಸಲ್ಲುತ್ತದೆ. ಮೈ ಬಗ್ಗಿಸಿ ಕೆಲಸ ಮಾಡಿದರೂ ಶುಗರ್ ಇಳಿಯುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಳವಳ ಇರುವುದು ಒಂದು ವಿಷಯದಲ್ಲಿ. ಲೋ ಶುಗರ್ ಆದವರೂ ಕುಡಿದು ಅಮಲೇರಿದವರೂ ನೋಡುವುದಕ್ಕೆ ಒಂದೇ ಥರ ಕಾಣುತ್ತಾರೆ. ಮಾತು ತೊದಲುತ್ತದೆ, ಕಾಲು ತಡವರಿಸುತ್ತದೆ, ಸಿಟ್ಟು ಬರುತ್ತದೆ, ಸಂಬಂಧವಿಲ್ಲದ ಮಾತಾಡುತ್ತಾರೆ, ಆಮೇಲೆ ಮಂಪರು. ಬಾಯಲ್ಲಿ ವಾಸನೆ ಬೇರೆ ಇರುತ್ತದೆ. ಸುತ್ತ ಇರುವವರು ಏನು ಮಾಡುತ್ತಾರೆ? ಜಾಸ್ತಿಯಾಗಿದೆ, ಮಲಗಲಿ ಬಿಡು ಅನ್ನುತ್ತಾರೆ. ಕೆಲವು ಕಡೆ ಆಸ್ಪತ್ರೆಯ ಬಾಗಿಲಲ್ಲೂ ಇದೇ ಆಗುತ್ತದೆ. ಕುಡಿದಿರುವ ಮನುಷ್ಯನ ಬೆರಳು ಚುಚ್ಚಿ ಶುಗರ್ ನೋಡಬೇಕು ಅಂತ ಹೊಳೆಯುವುದೇ ಇಲ್ಲ. ಹಾಗಾಗಿ ನಿಮ್ಮ ಮನೆಯವರಿಗೆ, ಜೊತೆಗೆ ಕೂರುವ ಸ್ನೇಹಿತರಲ್ಲಿ ಒಬ್ಬರಿಗಾದರೂ ಇದನ್ನು ಇವತ್ತೇ ಹೇಳಿ. ತಣ್ಣನೆ ಬೆವರು, ನಡುಕ, ಗೊಂದಲದ ಮಾತು ಕಂಡರೆ ಮೊದಲು ಮೀಟರ್ ಹಾಕಬೇಕು. ಮೀಟರ್ ಇಲ್ಲದಿದ್ದರೆ ಲೋ ಅಂದುಕೊಂಡೇ ಸಕ್ಕರೆ ಕೊಡಬೇಕು. ಶುಗರ್ ಜಾಸ್ತಿ ಇದ್ದವರಿಗೆ ಮೂರು ಚಮಚ ಸಕ್ಕರೆಯಿಂದ ಆಗುವ ತೊಂದರೆ ಅಲ್ಪ. ಕಡಿಮೆ ಇದ್ದವರಿಗೆ ಕೊಡದೆ ಹೋದರೆ ಜೀವಕ್ಕೇ ಕುತ್ತು.

ಮೀಟರ್‌ನಲ್ಲಿ 70ಕ್ಕಿಂತ ಕೆಳಗೆ ಬಂದರೆ ಅದು ಲೋ. 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಎಚ್ಚರ ಇದ್ದು ನುಂಗುವ ಹಾಗಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಏರಿದ ಮೇಲೆ ಇಡ್ಲಿಯೋ ಬ್ರೆಡ್ಡೋ ಅನ್ನವೋ ಏನಾದರೂ ಗಟ್ಟಿ ಆಹಾರ ತಿನ್ನಿಸಲೇಬೇಕು, ಯಾಕೆಂದರೆ ಲಿವರ್ ಇನ್ನೂ ಕೆಲಸಕ್ಕೆ ಮರಳಿಲ್ಲ. ಚಾಕೊಲೇಟ್, ಐಸ್‌ಕ್ರೀಮ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ತೆಗೆದುಕೊಳ್ಳುವವರು ಒಂದು ವಿಷಯ ನೆನಪಿಡಬೇಕು. ನಮ್ಮಲ್ಲಿ ಈ ಮಾತ್ರೆ ಬಹಳ ಜನಕ್ಕೆ ಬರೆದುಕೊಡುತ್ತಾರೆ. ಅವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಅದನ್ನು ಕರುಳಿನಲ್ಲಿ ಒಡೆಯುವುದನ್ನೇ ಆ ಔಷಧಿ ತಡೆಯುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲುಕೋಸ್ ಪುಡಿಯನ್ನೇ ಮನೆಯಲ್ಲಿ ಇಟ್ಟುಕೊಳ್ಳಬೇಕು.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ನೀರೂ ಬೇಡ, ಸಕ್ಕರೆಯೂ ಬೇಡ. ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಶುಗರ್ ಕಾಯಿಲೆ ಇದೆ, ಮಾತ್ರೆ ತಗೊಂಡಿದ್ದಾರೆ, ಕುಡಿದಿದ್ದಾರೆ, ಮೂರನ್ನೂ ಮುಚ್ಚುಮರೆ ಇಲ್ಲದೆ ಹೇಳಬೇಕು. ಗ್ಲಿಮಿಪಿರೈಡ್‌ನಿಂದ ಆದ ಲೋ ಒಮ್ಮೆ ಸರಿಹೋಗಿ ಕೆಲವು ಗಂಟೆಗಳ ನಂತರ ಮತ್ತೆ ಬರಬಹುದು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ ಎದ್ದು ಕೂತರು ಅಂತ ಮನೆಗೆ ಕರೆದುಕೊಂಡು ಬಂದುಬಿಡಬೇಡಿ. ಒಂದು ದಿನವಾದರೂ ಅಲ್ಲೇ ಇಟ್ಟು ನೋಡಬೇಕಾಗುತ್ತದೆ. ಟೈಪ್ 1 ಇರುವ ಮಕ್ಕಳ ಮನೆಗಳಲ್ಲಿ ಕೆಲವರು ಗ್ಲುಕಗಾನ್ ಇಂಜೆಕ್ಷನ್ ಇಟ್ಟುಕೊಂಡಿರುತ್ತಾರೆ. ಅದು ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರತರುವ ಔಷಧಿ. ಕುಡಿದು ಆ ದಾಸ್ತಾನು ಖಾಲಿಯಾಗಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆಂಗಳೂರಿಗೋ ಹೊರದೇಶಕ್ಕೋ ಓದಲು ಹೋಗಿ ಮೊದಲ ಸಲ ಪಾರ್ಟಿಗೆ ಕೂರುವ ಟೈಪ್ 1 ಇರುವ ಹುಡುಗ ಹುಡುಗಿಯರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಅಪ್ಪ ಅಮ್ಮ ಓದುತ್ತಿದ್ದರೆ ದಯವಿಟ್ಟು ಸಂಕೋಚ ಬಿಟ್ಟು ಹೇಳಿ.

ಈಗ ಎಷ್ಟು ಅನ್ನುವ ಪ್ರಶ್ನೆಗೆ ಬರೋಣ. ನಮ್ಮ ಅಳತೆಯಲ್ಲೇ ಮಾತಾಡೋಣ. ಇಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂಡಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇಕಡಾ 42.8 ಅಂತ ಬರೆದಿರುತ್ತದೆ. ಆ ಲೆಕ್ಕದಲ್ಲಿ 30 ಎಂಎಲ್‌ನ ಒಂದು ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. 60ರ ಲಾರ್ಜ್‌ನಲ್ಲಿ 20. ನೈಂಟಿಯಲ್ಲಿ 30. ನೀವು ಹಾಕುವ 180ರ ಕ್ವಾರ್ಟರ್‌ನಲ್ಲಿ 60 ಗ್ರಾಂ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಅತಿಯಾದ ಕುಡಿತ ಅಂತಲೇ ಲೆಕ್ಕ ಹಾಕುತ್ತದೆ. ನಮ್ಮ ಕಡೆ ಕ್ವಾರ್ಟರ್ ಅಂದರೆ ಏನೋ ಸ್ವಲ್ಪ ಅನ್ನುವ ಭಾವನೆ ಇದೆ. ಬಾಟಲಿ ಚಿಕ್ಕದು, ಅಷ್ಟೇ. ಅದರಲ್ಲಿ 425ರಷ್ಟು ಕ್ಯಾಲೊರಿ ಇದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಮಾಡಿದ ಮುದ್ದೆಯಲ್ಲಿ ಅಷ್ಟು ಇರುವುದಿಲ್ಲ. ವಿಸ್ಕಿಯಲ್ಲಿ ಸಕ್ಕರೆ ಇಲ್ಲ ಅನ್ನುವ ನಿಮ್ಮ ಸ್ನೇಹಿತರ ಮಾತು ನಿಜ. ಆದರೆ ಶುಗರ್ ಇರುವವರಿಗೆ ಮದ್ಯದಿಂದ ಬರುವ ಅಪಾಯ ಅದರ ಸಕ್ಕರೆಯಿಂದ ಬರುವುದಕ್ಕಿಂತ ಅದರ ಆಲ್ಕೋಹಾಲ್‌ನಿಂದ ಬರುವುದೇ ಜಾಸ್ತಿ.

ಬಿಯರ್ ಲೈಟು, ತೊಂದರೆ ಇಲ್ಲ ಅನ್ನುವವರಿಗೆ ಒಂದು ಲೆಕ್ಕ. 650 ಎಂಎಲ್‌ನ ಶೇಕಡಾ 8ರ ಸ್ಟ್ರಾಂಗ್ ಬಿಯರ್ ಒಂದು ಬಾಟಲಿಯಲ್ಲಿ 41 ಗ್ರಾಂ ಆಲ್ಕೋಹಾಲ್ ಇದೆ. ನಾಲ್ಕು ಸ್ಮಾಲ್ ವಿಸ್ಕಿಗೆ ಸಮ. ಅದರ ಜೊತೆಗೆ ಬಿಯರ್‌ನಲ್ಲಿ ಪಿಷ್ಟವೂ ಇರುತ್ತದೆ. ಕೊಡಗಿನ ಮನೆಗಳಲ್ಲಿ ಮಾಡುವ ಹಣ್ಣಿನ ವೈನ್ ರುಚಿಯಾಗಿರುತ್ತದೆ, ಅದಕ್ಕೆ ಧಾರಾಳವಾಗಿ ಸಕ್ಕರೆ ಹಾಕಿರುತ್ತಾರೆ. ಕರಾವಳಿಯ ಕಳ್ಳು ಮರದಿಂದ ಬಂದದ್ದು ಅಂತ ಔಷಧಿಯಾಗುವುದಿಲ್ಲ. ಅದರಲ್ಲಿ ಸಕ್ಕರೆ, ಆಲ್ಕೋಹಾಲ್ ಎರಡೂ ಇವೆ, ಎಷ್ಟಿದೆ ಅನ್ನುವುದು ಇಳಿಸಿ ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ಬದಲಾಗುತ್ತಾ ಇರುತ್ತದೆ. ವಿಸ್ಕಿಗೆ ಕೋಲಾ ಬೆರೆಸಿದರೆ 200 ಎಂಎಲ್‌ಗೆ 21 ಗ್ರಾಂ ಸಕ್ಕರೆ ಸೇರಿತು. ಟಾನಿಕ್ ವಾಟರ್ ಕೂಡ ಸಿಹಿಯೇ. ನೀರು ಅಥವಾ ಬರೀ ಸೋಡಾ ಸಾಕು.

ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹೇಳುವ ಮಿತಿ, ದಿನಕ್ಕೆ ಗಂಡಸರಿಗೆ ಎರಡು ಡ್ರಿಂಕ್, ಹೆಂಗಸರಿಗೆ ಒಂದು. ಅವರ ಒಂದು ಡ್ರಿಂಕ್ ಅಂದರೆ 14 ಗ್ರಾಂ ಆಲ್ಕೋಹಾಲ್. ನಮ್ಮ ಬಾಟಲಿಯಲ್ಲಿ 40 ಎಂಎಲ್‌ಗಿಂತ ಸ್ವಲ್ಪ ಜಾಸ್ತಿ. ಎರಡು ಸೇರಿದರೂ ನೈಂಟಿ ಮುಟ್ಟುವುದಿಲ್ಲ. ಇದು ದಾಟಬಾರದ ಗೆರೆ. ಇಷ್ಟು ಕುಡಿಯಿರಿ ಅಂತ ಯಾರೂ ಹೇಳುತ್ತಿಲ್ಲ. ವಾರವೆಲ್ಲ ಉಳಿಸಿ ಶನಿವಾರ ಒಟ್ಟಿಗೆ ಹಾಕುತ್ತೇನೆ ಅನ್ನುವುದಕ್ಕೂ ಇದರಲ್ಲಿ ಜಾಗವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯಂತೂ 2023ರಲ್ಲಿ, ಆರೋಗ್ಯಕ್ಕೆ ಸುರಕ್ಷಿತ ಅನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಕ್ಯಾನ್ಸರ್ ಕಾರಣಕ್ಕೆ. ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ 1988ರಲ್ಲೇ ಸೇರಿಸಲಾಗಿದೆ. ಹೃದಯಕ್ಕೆ ಒಳ್ಳೆಯದಂತೆ ಅಂತ ಕೇಳಿ, ಕುಡಿಯದೇ ಇದ್ದವರು ಶುಗರ್ ಬಂದ ಮೇಲೆ ಶುರು ಮಾಡುವುದನ್ನು ನೋಡಿದ್ದೇನೆ. ದಯವಿಟ್ಟು ಅದು ಬೇಡ.

ಇನ್ನು ನಿಮ್ಮ ವಿಷಯಕ್ಕೆ ನನ್ನ ಸಲಹೆ. ಈಗ ಸದ್ಯಕ್ಕೆ ಪೂರ್ತಿ ನಿಲ್ಲಿಸಿ. ಒಮ್ಮೆ ಲೋ ಆಗಿದೆ, ಅದೇ ಮಾತ್ರೆ ಇನ್ನೂ ನಡೆಯುತ್ತಿದೆ. ಈ ಸ್ಥಿತಿಯಲ್ಲಿ ಎಷ್ಟು ಸುರಕ್ಷಿತ ಅಂತ ಕೇಳಿದರೆ ನಾನು ಒಂದು ಸ್ಮಾಲ್‌ಗೂ ಹೂಂ ಅನ್ನುವುದಿಲ್ಲ. ಮೊದಲು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಕುಡಿಯುತ್ತೇನೆ, ಇಷ್ಟು ಕುಡಿಯುತ್ತೇನೆ, ಹೀಗಾಯಿತು ಅಂತ ಹೇಳಿ. ಬೈಯಬಹುದು, ಬೈಸಿಕೊಳ್ಳಿ. ನಿಮಗೆ ಗ್ಲಿಮಿಪಿರೈಡ್ ಬರೆಯುವಾಗ ಅವರಿಗೆ ಈ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಔಷಧಿ ಯೋಚಿಸುತ್ತಿದ್ದರೇನೋ. ಸಿಟಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಥರದ ಮಾತ್ರೆಗಳು ಒಂಟಿಯಾಗಿ ಲೋ ಶುಗರ್ ತರುವುದು ಬಹಳ ಅಪರೂಪ. ಬದಲಿಸಬಹುದೇ, ಡೋಸ್ ಇಳಿಸಬಹುದೇ ಅಂತ ನೀವೇ ಬಾಯಿಬಿಟ್ಟು ಕೇಳಿ. ನೀವೇ ನಿರ್ಧರಿಸಿ ಬದಲಾಯಿಸಬೇಡಿ.

ಎಣ್ಣೆ ಹಾಕುವ ದಿನ ಮಾತ್ರೆ ಬಿಟ್ಟುಬಿಡುತ್ತೇನೆ, ಆಗ ಸರಿಹೋಗುತ್ತಲ್ಲ ಅಂತ ಬಹಳ ಜನ ಕೇಳುತ್ತಾರೆ. ಇದಕ್ಕೆ ಒಂದೇ ಉತ್ತರ ಇಲ್ಲ. ಗ್ಲಿಮಿಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆಯನ್ನು ಊಟವಿಲ್ಲದೆ ನುಂಗಬಾರದು, ಕುಡಿಯಲಿ ಬಿಡಲಿ. ಎಂಟೂವರೆಗೆ ಮಾತ್ರೆ ನುಂಗಿ, ಹನ್ನೊಂದಕ್ಕೆ ಊಟ ಅನ್ನುವ ಅಭ್ಯಾಸವೇ ಅಪಾಯಕಾರಿ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಅದರಲ್ಲೂ ಟೈಪ್ 1 ಇರುವವರು, ಇಡೀ ದಿನಕ್ಕೆ ಹಾಕುವ ಇನ್ಸುಲಿನ್ ಬಿಟ್ಟರೆ ಬೇರೆಯೇ ಅನಾಹುತ, ರಕ್ತ ಆಮ್ಲವಾಗಿ ಐಸಿಯು ಸೇರಬೇಕಾಗುತ್ತದೆ. ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ಒಳ್ಳೆಯ ಔಷಧಿ. ಆದರೆ ವಿಪರೀತ ಕುಡಿದಾಗ, ಅಥವಾ ಲಿವರ್, ಕಿಡ್ನಿ ಆಗಲೇ ಕೆಟ್ಟಿದ್ದಾಗ ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಏರುವ ಅಪಾಯವಿದೆ. ಅಪರೂಪ, ಆದರೆ ಜೀವ ತೆಗೆಯುವಂಥದ್ದು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಪ್ರತ್ಯೇಕವಾಗಿ ಎರಡು ಮಾತು. ಇವು ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಗಳು, ಜೊತೆಗೆ ನೀರೂ ಹೋಗುತ್ತದೆ. ಮದ್ಯವೂ ಮೂತ್ರ ಜಾಸ್ತಿ ಮಾಡಿ ಮೈ ಒಣಗಿಸುತ್ತದೆ. ಎರಡೂ ಸೇರಿ, ಊಟವೂ ಇಲ್ಲದಿದ್ದರೆ ರಕ್ತವನ್ನು ಆಮ್ಲವಾಗಿಸುವ ಕೀಟೋನ್ ಏರಬಹುದು. ಮೋಸ ಎಲ್ಲಿದೆ ಅಂದರೆ, ಆಗ ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಜಾಸ್ತಿ ಇರುವುದಿಲ್ಲ. ಕುಡಿದ ಮರುದಿನ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಬರೀ ಹ್ಯಾಂಗೋವರ್ ಅಂತ ಕೂರದೆ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಅಂತ ಹೇಳಿ.

ಡಾಕ್ಟರ್ ಹತ್ತಿರ ಹೋದಾಗ ಲಿವರ್ ಟೆಸ್ಟ್, ಕಿಡ್ನಿಗೆ ಕ್ರಿಯಾಟಿನಿನ್, ರಕ್ತದ ಕೊಬ್ಬಿಗೆ ಟ್ರೈಗ್ಲಿಸರೈಡ್ ಟೆಸ್ಟ್ ಮಾಡಿಸಿ. ಟ್ರೈಗ್ಲಿಸರೈಡ್ 500 ದಾಟಿದ್ದರೆ ಮದ್ಯವನ್ನು ಮರೆತುಬಿಡಿ. ಪ್ಯಾಂಕ್ರಿಯಾಸ್ ಊದಿಕೊಳ್ಳುವ ಕಾಯಿಲೆಗೆ ಅದು ನೇರ ದಾರಿ. ಪಾದ ಉರಿ, ಜೋಮು ಇದ್ದರೂ ಅಷ್ಟೇ. ನರಗಳನ್ನು ಶುಗರ್ ಒಂದು ಕಡೆಯಿಂದ ಕೆಡಿಸುತ್ತದೆ, ಮದ್ಯ ಇನ್ನೊಂದು ಕಡೆಯಿಂದ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಬಿ12 ಕಡಿಮೆಯಾಗಿ ಅದೂ ಸೇರಿಕೊಳ್ಳುತ್ತದೆ, ಆದ್ದರಿಂದ ಬಿ12 ಕೂಡ ನೋಡಿಸಿ. ಲಿವರ್ ಕಾಯಿಲೆ ಇರುವವರು, ಒಮ್ಮೆ ಪ್ಯಾಂಕ್ರಿಯಾಸ್ ತೊಂದರೆಯಾದವರು, ಬಸುರಿಯರು, ಲೋ ಆದರೂ ಬೆವರು ನಡುಕ ಗೊತ್ತಾಗದೇ ಇರುವವರು, ಇವರಿಗೆಲ್ಲ ಸುರಕ್ಷಿತ ಪ್ರಮಾಣ ಸೊನ್ನೆಯೇ.

ಇದೆಲ್ಲ ಸರಿಯಿದ್ದು, ಮಾತ್ರೆಯೂ ಬದಲಾಗಿ, ನಿಮ್ಮ ಡಾಕ್ಟರ್ ಒಪ್ಪಿದರೆ ಬೀಗರೂಟದ ದಿನದ ಮಾತು. ಅವತ್ತು ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಬೆಳಗ್ಗೆಯಿಂದ ಓಡಾಟ, ತಿಂಡಿ ತಿಂದರೆ ತಿಂದ ಹಾಗೆ, ಇಲ್ಲದಿದ್ದರೆ ಇಲ್ಲ. ಬಾಡೂಟಕ್ಕೆ ಮೊದಲು ತೋಟದ ಕಡೆ ಕರೆದುಕೊಂಡು ಹೋಗಿ ಗ್ಲಾಸ್ ಕೈಗೆ ಕೊಡುತ್ತಾರೆ. ಊಟ ಆಮೇಲೆ. ನೀವು ಈ ಕ್ರಮ ತಿರುಗಿಸಿ. ಮೊದಲು ಮುದ್ದೆಯೋ ಅನ್ನವೋ, ಜೊತೆಗೆ ಮಾಂಸ, ಹಸಿ ಸೌತೆಕಾಯಿ, ಇಷ್ಟು ಹೊಟ್ಟೆಗೆ ಬೀಳಲಿ. ಬರೀ ಕಬಾಬ್, ಮೊಟ್ಟೆ, ಕಡಲೆಬೀಜ ತಿಂದೆ, ಅದೇ ಊಟ ಅಂದುಕೊಳ್ಳಬೇಡಿ. ಅದರಲ್ಲಿ ಪಿಷ್ಟ ಕಡಿಮೆ, ಲೋ ತಡೆಯುವುದಕ್ಕೆ ಸಾಲದು. ಆಮೇಲೆ 60 ಎಂಎಲ್, ಅದಕ್ಕಿಂತ ಒಂದು ಹನಿಯೂ ಬೇಡ. ಜಾಸ್ತಿ ನೀರು ಬೆರೆಸಿ ಒಂದು ಗಂಟೆ ಹಿಡಿದುಕೊಳ್ಳಿ. ನಿಮ್ಮ ಗ್ಲಾಸಿಗೆ ನೀವೇ ಹಾಕಿಕೊಳ್ಳಿ. ಬೇರೆಯವರು ಸುರಿದರೆ ಲೆಕ್ಕ ತಪ್ಪುತ್ತದೆ. ಬೀಗರು ಬಲವಂತ ಮಾಡಿದರೆ ಡಾಕ್ಟರ್ ಬೇಡ ಅಂದಿದ್ದಾರೆ ಅಂತ ನನ್ನ ಮೇಲೆ ಹಾಕಿ. ಹೆಣ್ಣು ಕೊಟ್ಟವರ ಮರ್ಯಾದೆ ಎರಡನೇ ಗ್ಲಾಸಿನಲ್ಲಿ ಇರುವುದಿಲ್ಲ.

ಅವತ್ತು ನೀವು ಗಾಡಿ ಓಡಿಸಬೇಡಿ. ಜೇಬಿನಲ್ಲಿ ಗ್ಲುಕೋಸ್ ಪುಡಿಯ ಚಿಕ್ಕ ಪೊಟ್ಟಣ ಇರಲಿ. ನಿಮ್ಮ ಮನೆಯವರಿಗೆ ಎಷ್ಟು ಕುಡಿದಿದ್ದೀರಿ ಅಂತ ನಿಜ ಹೇಳಿ. ರಾತ್ರಿ ಊಟ ಬಿಡಬೇಡಿ. ಮಲಗುವ ಮುಂಚೆ ಮೀಟರ್ ಹಾಕಿ ನೋಡಿ. 100ಕ್ಕಿಂತ ಕೆಳಗಿದ್ದರೆ ಒಂದು ಲೋಟ ಹಾಲು, ಎರಡು ಬ್ರೆಡ್ಡೋ ಒಂದು ಚಪಾತಿಯೋ ತಿಂದು ಮಲಗಿ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಇನ್ನೂ ಇರುವವರು ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಇನ್ನೊಮ್ಮೆ ನೋಡುವುದು ಒಳ್ಳೆಯದು. ಮರುದಿನ ತಿಂಡಿ ಹೊತ್ತಿಗೆ ಸರಿಯಾಗಿ ಆಗಬೇಕು. ಅದಾದ ಮೇಲೇ ಗದ್ದೆ ಕೆಲಸ.

ಕೊನೆಗೆ ಒಂದು ಪ್ರಶ್ನೆ ನಾನೇ ಕೇಳುತ್ತೇನೆ. ಸದ್ಯಕ್ಕೆ ಪೂರ್ತಿ ನಿಲ್ಲಿಸಿ ಅಂದೆನಲ್ಲ, ಅದು ನಿಮಗೆ ಸುಲಭವಾಗುತ್ತದೆಯೇ? ಆದರೆ ಒಳ್ಳೆಯದು. ಸಂಜೆ ಆಗುತ್ತಲೇ ಚಡಪಡಿಕೆ, ನಿದ್ದೆ ಬಾರದಿರುವುದು, ಕೈ ನಡುಕ ಬಂದರೆ, ಅಥವಾ ವಾರಕ್ಕೆ ಎರಡು ದಿನ ಅಂತ ನೀವು ಬರೆದದ್ದು ನಿಜದಲ್ಲಿ ಅದಕ್ಕಿಂತ ಜಾಸ್ತಿ ಆಗಿದ್ದರೆ, ಅದನ್ನೂ ಡಾಕ್ಟರಿಗೆ ಹೇಳಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅದಕ್ಕೆ ಔಷಧಿಯ ಸಹಾಯ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಮನೆಯಿಂದಲೇ ಮಾತಾಡಬೇಕು ಅಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.